ಶಂಕ್ರಪ್ಪನ ಮೂಗು

ಜೂನ್ 9, ರವಿವಾರ

ಇವತ್ತಿನ ಬೈಠಕ್ ಗಣೇಶಗುಡಿಯಲ್ಲಿ, ಎಂದಿನಂತೆ ಮಧ್ಯಾಹ್ನ ಹನ್ನೆರಡಕ್ಕೆ. ಮಹಾಬಳೇಶ್ವರನ ಹೋಮ್‌ಸ್ಟೇಯಲ್ಲಿ ಅತಿಥಿಗಳು ಯಾರೂ ಇರಲಿಲ್ಲ, ಹಿತ್ತಲ ಕಟ್ಟೆ ಪೂರ್ತಿ ನಮ್ಮದೇ. ನಾಲ್ಕು ಜನ, ನಾಲ್ಕು ಬಾಟಲಿ, ಪ್ರತಿಯೊಂದಕ್ಕೂ ಹಳೆಯ ಪೇಪರು ಸುತ್ತಿ ಹೆಸರು ಮುಚ್ಚಿದ್ದು. ಯಾವ ಊರಿನ ಯಾವ ಬ್ರೂವರಿಯ ಬಿಯರು ಎಂದು ತಂದವನು ಹೇಳುವಂತಿಲ್ಲ. ಗ್ಲಾಸಿಗೆ ಸುರಿಯಬೇಕು, ಮೂಸಬೇಕು, ಒಂದು ಗುಟುಕು ಕುಡಿದು ಚೀಟಿಯಲ್ಲಿ ಬರೆಯಬೇಕು. ಆಮೇಲೆ ಪೇಪರು ಬಿಚ್ಚುವುದು. ಆರು ವರ್ಷದಿಂದ ತಿಂಗಳಿಗೊಮ್ಮೆ ಹೀಗೆ ನಡೆದಿದೆ. ಆರು ವರ್ಷದಿಂದಲೂ ಹೆಚ್ಚು ಸಲ ಸರಿಯಾಗಿ ಹೇಳಿದವನು ನಾನು. ಜಂಬಕ್ಕೆ ಬರೆಯುತ್ತಿಲ್ಲ, ಚೀಟಿಗಳನ್ನೆಲ್ಲ ಎತ್ತಿಟ್ಟಿದ್ದೇನೆ.

ಇವತ್ತು ಒಬ್ಬರು ಹೊಸಬರು ಬಂದಿದ್ದರು. ಸಹನಾ, ಧಾರವಾಡದ ಹುಡುಗಿ, ಮೂವತ್ತರ ಆಸುಪಾಸು. ಬೆಂಗಳೂರಿನ ಬ್ರೂವರಿಯೊಂದರಲ್ಲಿ ಏಳು ವರ್ಷ ಬಿಯರ್ ಮಾಡಿದವಳು. ಈಗ ದಾಂಡೇಲಿಯಲ್ಲಿ, ಹಳಿಯಾಳ ರಸ್ತೆಯ ಹಳೆಯ ಅಕ್ಕಿ ಗಿರಣಿಯ ಶೆಡ್ಡು ಹಿಡಿದು ತನ್ನದೇ ಸಣ್ಣ ಬ್ರೂವರಿ ಹಾಕುತ್ತಿದ್ದಾಳೆ. ಪರವಾನಗಿ ಸಿಕ್ಕಿದೆ, ಟ್ಯಾಂಕುಗಳು ಬಂದಿವೆ.

"ಬಿಯರ್ ಮಾಡೋರಿಗೆ ತಮ್ಮ ಬಿಯರಿನ ತಪ್ಪು ತಿಳಿಯೂದಿಲ್ರಿ" ಅಂದಳು. "ದಿನಾ ಅದರಾಗ ಇರ್ತೇವಿ, ಮೂಗು ಒಗ್ಗಿಬಿಡತೈತಿ. ನನಗ ಹೊರಗಿನವರು ಒಬ್ರು ಬೇಕು. ಅವರು ಹೂಂ ಅನ್ನೂ ತನಕ ಒಂದ್ ಟ್ಯಾಂಕೂ ಹೊರಗ ಹೋಗಬಾರದು. ಖಾಯಂ ಕೆಲಸ ಅಂತನ ತಿಳೀರಿ."

ಹಳಿಯಾಳದ ನಾಗಲಿಂಗಪ್ಪ, ಬೀಜ ಗೊಬ್ಬರದ ಅಂಗಡಿಯವನು, ಆಗಲೇ ನನ್ನ ಬೆನ್ನು ತಟ್ಟಿದ. "ಹುಡುಕೂದ್ಯಾಕ್ರಿ, ಇಲ್ಲೇ ಕುಂತಾನಲ್ಲ ನಮ್ಮ ಸುಭಾಸ" ಅಂದ. ದಾಂಡೇಲಿಯ ಕಾಗದದ ಕಾರ್ಖಾನೆಯ ಲ್ಯಾಬಿನಲ್ಲಿ ನನಗೆ ಇಪ್ಪತ್ತೊಂಬತ್ತು ವರ್ಷವಾಯಿತು, ಇನ್ನೆರಡು ವರ್ಷಕ್ಕೆ ನಿವೃತ್ತಿ. ಆಮೇಲೆ ಏನು ಎಂದು ಹೆಂಡತಿ ಸುನಂದಾ ಕೇಳುತ್ತಲೇ ಇರುತ್ತಾಳೆ. ಇವತ್ತು ಮನೆಗೆ ಬರುತ್ತ ಸ್ಕೂಟರಿನ ಮೇಲೆ ಆ ಪ್ರಶ್ನೆಗೆ ಉತ್ತರ ಸಿಕ್ಕಿತು ಅನಿಸಿತು.

ನಾಲ್ಕನೆಯವನು ಶಂಕ್ರಪ್ಪ. ನಮ್ಮ ಕಾರ್ಖಾನೆಯ ಬಾಯ್ಲರ್ ವಿಭಾಗದಲ್ಲಿ ಗುತ್ತಿಗೆಯವನು. ಮೂರು ವರ್ಷದ ಹಿಂದೆ ನಾನೇ ಬೈಠಕ್ಕಿಗೆ ಕರೆತಂದೆ. ಆಗ ಅವನಿಗೆ ಎಲ್ಲ ಬಿಯರೂ ಒಂದೇ. ಗ್ಲಾಸು ಹೇಗೆ ಹಿಡಿಯಬೇಕು ಎನ್ನುವುದರಿಂದ ಶುರುಮಾಡಿ ಕಲಿಸಿದ್ದೇನೆ. ಇವತ್ತು ಒಂದು ಬಾಟಲಿಯನ್ನು ಸರಿಯಾಗಿ ಹೇಳಿದ. ಸಂತೋಷವಾಯಿತು.

ಜೂನ್ 27, ಗುರುವಾರ

ಐದು ದಿನದಿಂದ ಜ್ವರ, ನೆಗಡಿ. ಕೆಲಸಕ್ಕೆ ಹೋಗಿಲ್ಲ. ಗಂಜಿಗೆ ರುಚಿಯಿಲ್ಲ.

ಜುಲೈ 14, ರವಿವಾರ

ಈ ತಿಂಗಳ ಬೈಠಕ್ ಸಹನಾಳ ಶೆಡ್ಡಿನಲ್ಲೇ. ಮೊದಲ ಪ್ರಯೋಗದ ಬಿಯರು ಸಿದ್ಧವಾಗಿತ್ತು. ಗೋಧಿಯದು, ಮಬ್ಬು ಹಳದಿ, ಮೇಲೆ ದಪ್ಪ ಬಿಳಿ ನೊರೆ. ಮೊದಲು ನನಗೇ ಕೊಟ್ಟಳು. ಗೋಧಿ ಬಿಯರಿನಲ್ಲಿ ಏನಿರಬೇಕು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಾಳೆಹಣ್ಣು, ಲವಂಗ, ಕೊನೆಗೆ ಸ್ವಲ್ಪ ನಿಂಬೆ. ಹಾಗೇ ಹೇಳಿದೆ. ಸಹನಾ ತಲೆಯಾಡಿಸಿದಳು. ಮಹಾಬಳೇಶ್ವರ, ನಾಗಲಿಂಗಪ್ಪ ಇಬ್ಬರೂ ಹೌದು ಅಂದರು.

ಶಂಕ್ರಪ್ಪ ಗ್ಲಾಸನ್ನು ಮೂಗಿನ ಕೆಳಗೆ ಇಟ್ಟುಕೊಂಡು ಬಹಳ ಹೊತ್ತು ನಿಂತ. ಕುಡಿಯಲೇ ಇಲ್ಲ.

"ಬಾಳೇಹಣ್ಣು ಐತ್ರಿ, ಸರ್ ಹೇಳಿದಂಗ" ಅಂದ. "ಲವಂಗನೂ ಐತಿ. ಅವು ಸರದಮ್ಯಾಲ ಹಿಂದಿಂದ ಒಂದು ಬರತೈತಿ. ಮಳ್ಯಾಗ ತೊಯ್ದ ಗೋಣಿಚೀಲ ಮನಿಯೊಳಗ ಒಣಾಕ ಹಾಕಿದ್ರ ಬರತೈತಲ್ರಿ, ಅಂಥಾ ವಾಸನಿ."

ಸಹನಾಳ ಮುಖ ಬಿಳಿಚಿಕೊಂಡಿತು. ನೆಟ್ಟಗೆ ಸಾಮಾನಿನ ಕೋಣೆಗೆ ಹೋದಳು. ಸ್ವಲ್ಪ ಹೊತ್ತಿಗೆ ಕೈಯಲ್ಲಿ ಒಂದು ಹಿಡಿ ಮಾಲ್ಟ್, ಬಿಯರಿಗೆ ಹಾಕುವ ಮೊಳಕೆ ಬರಿಸಿ ಒಣಗಿಸಿದ ಕಾಳು, ಹಿಡಿದು ಬಂದಳು. ಗೋಡೆಗೆ ತಾಗಿದ್ದ ಎರಡು ಚೀಲಗಳ ತಳಕ್ಕೆ ನೀರು ಇಳಿದು, ಒಳಗಿನ ಕಾಳು ಮುಗ್ಗಿತ್ತು. ಆಮೇಲೆ ಎಲ್ಲರೂ ಮತ್ತೆ ಮತ್ತೆ ಮೂಸಿದರು. ಎಲ್ಲರಿಗೂ ಈಗ ಗೋಣಿಚೀಲ ಸಿಕ್ಕಿತು. ನಾಗಲಿಂಗಪ್ಪ ಶಂಕ್ರಪ್ಪನ ಹೆಗಲ ಮೇಲೆ ಕೈ ಹಾಕಿ ನಗುತ್ತಿದ್ದ.

ನನಗೂ ಅದು ಮೊದಲೇ ತಿಳಿದಿತ್ತು. ಮೊದಲ ಪ್ರಯೋಗ, ಹುಡುಗಿಯ ಮನಸ್ಸು ನೋಯಿಸುವುದು ಬೇಡ ಎಂದು ಸುಮ್ಮನಿದ್ದೆ. ಸಭ್ಯತೆ ಇಲ್ಲದವರಿಗೆ ಇಂಥದ್ದೆಲ್ಲ ಸುಲಭ.

ಜುಲೈ 15, ಸೋಮವಾರ

ಅಡುಗೆಮನೆಯಲ್ಲಿ ಕೂತು ಪೇಪರು ಓದುತ್ತಿದ್ದೆ. ಸುನಂದಾ ಹಿತ್ತಲಿನಿಂದ ಓಡಿಬಂದು ಒಲೆ ಆರಿಸಿದಳು. "ಮಗ್ಗಲದಾಗ ಕುಂತೀರಿ, ಹಾಲು ಸೀದು ಕರ್ರಗಾಗೈತಿ. ಓಣಿ ತುಂಬ ವಾಸನಿ, ನಿಮಗ ಬರಲಿಲ್ಲೇನ್ರಿ?" ಅಂದಳು. ಮನಸ್ಸು ಬೇರೆ ಕಡೆ ಇತ್ತು ಅಂದೆ. ನಿಜವೇ, ಇತ್ತು.

ಒಂದು ವಿಷಯ ಹೊಳೆದಿದೆ. ಶೆಡ್ಡಿನ ಒಳಗೆ ಬರುವ ದಾರಿಯಲ್ಲೇ ಆ ಕೋಣೆಯ ಬಾಗಿಲು. ಶಂಕ್ರಪ್ಪ ನಮಗಿಂತ ಮೊದಲು ಬಂದಿದ್ದ. ಚೀಲ ತೊಯ್ದಿದ್ದನ್ನು ಕಣ್ಣಾರೆ ನೋಡಿರಬೇಕು. ನೋಡಿ, ಆಮೇಲೆ ಮೂಗಿನಿಂದ ಹಿಡಿದವನ ಹಾಗೆ ನಾಟಕ ಮಾಡಿದ್ದಾನೆ. ಇಲ್ಲದಿದ್ದರೆ ಬಾಯ್ಲರಿನ ಬೂದಿಯಲ್ಲಿ ದಿನವಿಡೀ ನಿಲ್ಲುವವನಿಗೆ ಇಷ್ಟು ಸೂಕ್ಷ್ಮ ಎಲ್ಲಿಂದ ಬರಬೇಕು.

ಜುಲೈ 20, ಶನಿವಾರ

ಕ್ಯಾಂಟೀನಿನಲ್ಲಿ ಶಂಕ್ರಪ್ಪ ಚಹಾ ಹಿಡಿದು ನನ್ನ ಮೇಜಿಗೆ ಬಂದ. ಕೆಲಸವಿದೆ ಎಂದು ಎದ್ದೆ. ಚಹಾ ಕೂಡ ಈಗೀಗ ಬಿಸಿನೀರಿನ ಹಾಗಿರುತ್ತದೆ. ಸುನಂದಾಳ ಸಾರಿಗೂ ಒಗ್ಗರಣೆ ಸಾಲುತ್ತಿಲ್ಲ. ಹೇಳಿದರೆ ಮುಖ ಊದಿಸುತ್ತಾಳೆ. ಬೆಳಗಾವಿಯಿಂದ ತರಿಸಿದ ಐಪಿಎ ಬಿಯರು ನಿನ್ನೆ ತೆರೆದೆ. ಕಹಿ ಇದೆ, ಆ ಹಾಪ್ಸ್ ಹೂವಿನ ಘಮ ಎಲ್ಲಿ ಹೋಯಿತು? ಹೆಸರು ಬಂದ ಮೇಲೆ ಎಲ್ಲ ಬ್ರೂವರಿಗಳೂ ಸಾಮಾನಿನಲ್ಲಿ ಕೈ ಹಿಡಿಯುತ್ತವೆ.

ಜುಲೈ 24, ಬುಧವಾರ

ಪಾಳಿ ಮುಗಿಸಿ ಶೆಡ್ಡಿಗೆ ಹೋಗಿದ್ದೆ. ಸಹನಾ ಒಬ್ಬಳೇ ಟ್ಯಾಂಕು ತೊಳೆಯುತ್ತಿದ್ದಳು. ಅದೂ ಇದೂ ಮಾತಾಡಿದ ಮೇಲೆ ಅವಳೇ ಶಂಕ್ರಪ್ಪನ ಹೆಸರು ತೆಗೆದಳು. ಅಂಥ ಮೂಗು ತಾನು ಬೆಂಗಳೂರಿನಲ್ಲೂ ನೋಡಿರಲಿಲ್ಲ ಅಂದಳು. ಅವರ ಗುತ್ತಿಗೆ ಯಾವಾಗ ಬೇಕಾದರೂ ಮುಗಿಯಬಹುದಂತೆ ಹೌದೇ ಎಂದು ಕೇಳಿದಳು.

ನಾನು ಅಂದೆ: "ನಿಮಗ ಒಂದ್ ಮಾತು ಹೇಳಬೇಕ್ರಿ, ಮನಸಿಗೆ ಹಚ್ಚಿಕೋಬ್ಯಾಡ್ರಿ. ಅವತ್ತು ಶಂಕ್ರಪ್ಪ ಚೀಲ ತೊಯ್ದಿದ್ದು ಮೊದಲ ನೋಡಿದ್ದ. ಕೋಣಿ ಬಾಗಲಾಗ ನಿಂತು ಬಗ್ಗಿ ನೋಡೂದು ನಾನ ಕಂಡೇನಿ."

ಕೈಯಲ್ಲಿದ್ದ ಬ್ರಷ್ ಹಾಗೇ ನಿಂತಿತು. "ಖರೇನ್ರಿ ಸರ್?"

"ಬಡವ, ಕೆಲಸದ ಆಸೆ. ತಪ್ಪಂತ ನಾ ಅನ್ನೂದಿಲ್ಲ" ಅಂದೆ.

ಅವನು ನೋಡಿದ್ದನ್ನು ನಾನು ಕಂಡಿಲ್ಲ. ಆದರೆ ಅವನು ನೋಡಿರಲೇಬೇಕು, ಆದ್ದರಿಂದ ಇದು ಸುಳ್ಳು ಎಂದಾಗುವುದಿಲ್ಲ.

ಆಗಸ್ಟ್ 10, ಶನಿವಾರ

ನಿನ್ನೆ ಪಂಚಮಿ. ಇವತ್ತು ಬೆಳಿಗ್ಗೆ ಶಂಕ್ರಪ್ಪ ಮನೆಗೆ ಬಂದ, ಹೆಂಡತಿ ಸಿದ್ದಕ್ಕ ಕಟ್ಟಿದ ಶೇಂಗಾ ಉಂಡಿ, ಎಳ್ಳುಂಡಿ ಒಂದು ಡಬ್ಬಿಯಲ್ಲಿ. ಸುನಂದಾ ಒಳಗೆ ಕರೆದು ಕೂರಿಸಿದಳು. ಅವನು ಕುರ್ಚಿಯ ತುದಿಯಲ್ಲಿ ಕೂತ.

"ಸರ್, ನಾಳಿನ ಬೈಠಕ್ಕಿಗೆ ನನಗ ಫೋನ್ ಬರಲಿಲ್ರಿ. ಮೇಡಂಗ ನಾನ ಹಚ್ಚಿದೆ, ಎತ್ತವಲ್ರು. ನಂದೇನರ ತಪ್ಪಾತೇನ್ರಿ?"

"ಅವರಿಗೆ ಸಾವಿರ ಕೆಲಸ ಇರ್ತಾವಪಾ" ಅಂದೆ.

"ನೀವು ಒಂದ್ ಮಾತು ಕೇಳ್ರಿ ಸರ್. ನನಗ ಕೆಲಸ ಕೊಡಲಿ ಬಿಡಲಿ. ಯಾಕ ಸಿಟ್ಟಾಗ್ಯಾರ ಅಂತ ತಿಳಿದ್ರ ಸಾಕು."

ಕೇಳುತ್ತೇನೆ ಅಂದೆ. ಅವನು ಹೋದ ಮೇಲೆ ಒಂದು ಉಂಡಿ ಬಾಯಿಗೆ ಹಾಕಿಕೊಂಡೆ. ಸಿಹಿ ಇತ್ತು, ಮತ್ತೇನೂ ಇರಲಿಲ್ಲ. ಶೇಂಗಾ ಸರಿಯಾಗಿ ಹುರಿದಿಲ್ಲ ಅಂದೆ. ಸುನಂದಾ ಒಂದು ತಿಂದು ನನ್ನನ್ನೇ ನೋಡಿದಳು.

ಆಗಸ್ಟ್ 11, ರವಿವಾರ

ಎಷ್ಟು ದಿನದ ಮೇಲೆ ಮನಸ್ಸು ಹಗುರವಾಗಿದೆ. ಮೂವರೇ ಹೋಗಿದ್ದೆವು. ಸಹನಾ ಕಪ್ಪು ಬಿಯರ್ ಮಾಡಿದ್ದಳು, ಸ್ಟೌಟ್. ಮಾಲ್ಟನ್ನು ಕಾಫಿಬೀಜದ ಹಾಗೆ ಹುರಿದು ಮಾಡುವಂಥದ್ದು. ಸೆಪ್ಟೆಂಬರಿನಲ್ಲಿ ಬ್ರೂವರಿ ತೆರೆಯುವ ದಿನ ಇದನ್ನೇ ಕೊಡಬೇಕೆಂದಿದ್ದಾಳೆ.

ಬಣ್ಣ ನೋಡಿದೆ, ನೊರೆ ನೋಡಿದೆ, ಮೂಸಿದೆ. ಕಾಫಿ, ಕೋಕೋ, ಕೊನೆಗೆ ಸುಟ್ಟ ಸಕ್ಕರೆ ಅಂದೆ. ಮಹಾಬಳೇಶ್ವರ ಹಣೆ ಗಂಟಿಕ್ಕಿದ. "ನನಗ್ಯಾಕೊ ದವಾಖಾನಿ ವಾಸನಿ ಬಂದಂಗ ಆಗತೈತಿ, ಸುಭಾಸ. ಗಾಯಕ್ಕ ಹಚ್ಚೂ ಔಷಧದಂಗ."

"ಹುರಿದ ಮಾಲ್ಟ್ ಹಂಗ ಇರತೈತಿ" ಅಂದೆ. "ಸ್ಟೌಟ್ ಹೆಚ್ಚು ಕುಡಿಯದವರಿಗೆ ಮೊದಲ ಹಂಗ ಅನಸತೈತಿ."

"ನೀ ಅಂದ್ರ ಮುಗೀತು" ಅಂದ ಅವನು. ಸಹನಾ ಇನ್ನೊಮ್ಮೆ ಕೇಳಿದಳು, "ಬಿಡಬಹುದೇನ್ರಿ ಸರ್? ನನಗ ಒಂದ್ ವಾರದಿಂದ ಏನೂ ತಿಳೀವಲ್ದು." ಬಿಡಿ ಅಂದೆ. ಅಲ್ಲೇ ಕೈ ಮುಗಿದು, ಇನ್ನು ಮುಂದೆ ಎಲ್ಲ ಟ್ಯಾಂಕಿಗೂ ನಿಮ್ಮದೇ ಹೂಂ ಅಂದಳು.

ಶಂಕ್ರಪ್ಪನ ವಿಷಯ ಯಾರೂ ಎತ್ತಲಿಲ್ಲ. ನಾಗಲಿಂಗಪ್ಪ ಒಮ್ಮೆ ಕೇಳಿದ, ಸಹನಾ ಮಾತು ತಿರುಗಿಸಿದಳು.

ಸೆಪ್ಟೆಂಬರ್ 15, ರವಿವಾರ

ಬರೆಯಲು ಕೂತು ಮೂರು ಸಲ ಎದ್ದೆ.

ಬೆಳಿಗ್ಗೆ ಹನ್ನೊಂದಕ್ಕೆ ಬ್ರೂವರಿ ತೆರೆಯಿತು. ಜೋಯಿಡಾ ಕಡೆಯ ರೆಸಾರ್ಟಿನವರು, ಕಾರ್ಖಾನೆಯ ಕಾಲನಿಯವರು, ಬೆಳಗಾವಿ ಹುಬ್ಬಳ್ಳಿಯಿಂದ ಬಿಯರಿಗೆಂದೇ ಬಂದ ಏಳೆಂಟು ಜನ, ಗಣೇಶಗುಡಿಯ ರಾಫ್ಟಿಂಗ್ ಗೈಡುಗಳು. ಸಹನಾ ಹಸಿರು ಇಳಕಲ್ ಸೀರೆ ಉಟ್ಟಿದ್ದಳು. ನನ್ನನ್ನು ಎಲ್ಲರಿಗೂ ಪರಿಚಯಿಸಿದಳು: "ಇವರು ಹೂಂ ಅಂದ ಬಿಯರ್ ಇದು." ನಾನೂ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದೆ.

ಗ್ಲಾಸುಗಳು ಹೋದವು. ಹತ್ತು ನಿಮಿಷವಾದರೂ ಯಾವುದೂ ಖಾಲಿಯಾಗಲಿಲ್ಲ. ಜನ ಒಂದು ಗುಟುಕು ಕುಡಿದು ಮೇಜಿನ ಮೇಲೆ ಇಡುತ್ತಿದ್ದರು, ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಕೊನೆಗೆ ಜ್ಯೋತಿಬಾ ಎನ್ನುವ ಗೈಡು, ಕೆಟ್ಟ ಮನಸ್ಸೇನೂ ಇಲ್ಲದೆ, ಗಟ್ಟಿಯಾಗಿ ಹೇಳಿಬಿಟ್ಟ. "ಮೇಡಂ, ಇದು ಗಾಯದ ಪಟ್ಟಿ ಬಿಚ್ಚಿದಂಗ ನಾರತೈತ್ರಿ."

ಆಮೇಲೆ ಎಲ್ಲರೂ ಹೇಳಿದರು. ದವಾಖಾನೆ ಅಂದರು, ಔಷಧದ ಅಂಗಡಿ ಅಂದರು. ಬೆಳಗಾವಿಯವರು ಫೋಟೋ ತೆಗೆದು ಫೋನಿನಲ್ಲಿ ಹಾಕಿದರು. ಸಹನಾ ನೀರಿನ ಫಿಲ್ಟರು ಬಿಚ್ಚಿ ನೋಡಿದಳು. ಒಳಗಿನ ಇದ್ದಿಲು ಸತ್ತುಹೋಗಿತ್ತು. ನೀರಿನ ಕ್ಲೋರಿನ್ ಹಾಗೇ ಟ್ಯಾಂಕಿಗೆ ಇಳಿದಿತ್ತು. ಕ್ಲೋರಿನ್ ಮಾಲ್ಟಿನ ಜೊತೆ ಸೇರಿದರೆ ಇದೇ ವಾಸನೆ ಹುಟ್ಟುತ್ತದೆ. ಇದನ್ನು ಯಾರಾದರೂ ನಿದ್ದೆಯಲ್ಲೂ ಹಿಡಿಯಬೇಕಾಗಿದ್ದರೆ ಅದು ಕಾಗದ ಬಿಳುಪು ಮಾಡುವ ಕ್ಲೋರಿನ್ನಿನ ನಡುವೆ ಜೀವ ಸವೆಸಿದ ನಾನು.

ಎಲ್ಲರ ಮುಂದೆ ಕೇಳಿದಳು, ಸಿಟ್ಟಿನಿಂದಲ್ಲ. "ಸರ್, ನಿಮಗ ಖರೇನ ತಿಳೀಲಿಲ್ಲೇನ್ರಿ?"

ಪೈಪು ತೊಳೆದಿಲ್ಲ ಅಂದೆ, ಆಮೇಲೆ ಬಂದ ವಾಸನೆ ಅಂದೆ. ಮಹಾಬಳೇಶ್ವರ ತಲೆ ತಗ್ಗಿಸಿಕೊಂಡು ನಿಂತಿದ್ದ.

ಟ್ಯಾಂಕು ಪೂರ್ತಿ ಚರಂಡಿಗೆ ಬಿಟ್ಟರು. ಕಪ್ಪು ನೊರೆ ರಸ್ತೆಯ ತನಕ ಹರಿಯಿತು.

ಸೆಪ್ಟೆಂಬರ್ 16, ಸೋಮವಾರ

ಪೈಪಿನದೇ ತಪ್ಪು.

ಸೆಪ್ಟೆಂಬರ್ 18, ಬುಧವಾರ

ಕೆಲಸದಿಂದ ಬಂದಾಗ ಸುನಂದಾ ಅಡುಗೆಮನೆಯ ಕಟ್ಟೆಯ ಮೇಲೆ ನಾಲ್ಕು ಬಟ್ಟಲು ಮುಚ್ಚಿಟ್ಟಿದ್ದಳು. "ಕಣ್ಣು ಮುಚ್ಚಿ ಕೂಡ್ರಿ" ಅಂದಳು. ಆಟವೇನೋ ಅಂದುಕೊಂಡೆ. ಒಂದೊಂದೇ ಮೂಗಿನ ಹತ್ತಿರ ತಂದಳು. ಮೊದಲನೆಯದು ಕಾಫಿಪುಡಿ ಅಂದೆ. ಎರಡನೆಯದು ಜೀರಿಗೆ. ಮೂರನೆಯದಕ್ಕೆ ಸ್ವಲ್ಪ ಹೊತ್ತು ತೆಗೆದುಕೊಂಡೆ, ಕರ್ಪೂರ ಅಂದೆ. ನಾಲ್ಕನೆಯದು ಏಲಕ್ಕಿ, ಹಳೆಯ ಏಲಕ್ಕಿ ಅಂದೆ.

ಕಣ್ಣು ಬಿಟ್ಟೆ. ಮೊದಲನೆಯದರಲ್ಲಿ ಇಂಗು ಇತ್ತು. ಎರಡನೆಯದರಲ್ಲಿ ಜಜ್ಜಿದ ಬೆಳ್ಳುಳ್ಳಿ, ಮೂರನೆಯದರಲ್ಲಿ ಸೀಮೆಎಣ್ಣೆಯಲ್ಲಿ ಅದ್ದಿದ ಅರಿವೆ. ನಾಲ್ಕನೆಯದು ಖಾಲಿ ಬಟ್ಟಲು.

ನಗುತ್ತಾಳೆ ಎಂದು ಕಾದೆ. ನಗಲಿಲ್ಲ. ಪಕ್ಕದಲ್ಲಿ ಕೂತಳು.

"ಜ್ವರ ಬಂದು ಹೋದಾಗಿಂದ ನನ್ನ ಅಡಗಿಗೆ ಹೆಸರಿಡಾಕತ್ತೀರಿ. ಮೂವತ್ತು ವರ್ಷದಾಗ ಒಮ್ಮೆನೂ ಇಟ್ಟಿರಲಿಲ್ಲ. ನಿಮಗ ಗೊತ್ತಿತ್ತೇನ್ರಿ?"

ಗೊತ್ತಿರಲಿಲ್ಲ ಅಂದೆ. ಇಲ್ಲಿ ಬರೆಯುತ್ತ ಯೋಚಿಸುತ್ತಿದ್ದೇನೆ, ಗೊತ್ತಿತ್ತೇ? ಖಾಲಿ ಬಟ್ಟಲಿಗೆ ಹಳೆಯ ಏಲಕ್ಕಿ ಅಂದವನಿಗೆ ಏನು ಗೊತ್ತಿತ್ತು, ಏನು ಗೊತ್ತಿರಲಿಲ್ಲ, ಹೇಗೆ ಹೇಳುವುದು.

ಸೆಪ್ಟೆಂಬರ್ 23, ಸೋಮವಾರ

ಧಾರವಾಡದ ಕಿವಿ ಮೂಗಿನ ವೈದ್ಯರು ಚಿಮಟಿ ಹಾಕಿ, ದೀಪ ಹಾಕಿ ನೋಡಿದರು. ಜ್ವರದ ವೈರಸ್ಸು ಮೂಗಿನ ನರಕ್ಕೆ ಹೊಡೆದಿದೆ. ತಿರುಗಿ ಬರಬಹುದು, ಬಾರದೆಯೂ ಇರಬಹುದು. ಔಷಧ ಇಲ್ಲ. ದಿನಕ್ಕೆ ಎರಡು ಹೊತ್ತು ಲವಂಗ, ನಿಂಬೆ ಸಿಪ್ಪೆ, ನೀಲಗಿರಿ ಎಣ್ಣೆ, ಗುಲಾಬಿ, ಈ ನಾಲ್ಕನ್ನು ಮೂಸುತ್ತ, ಅವುಗಳ ವಾಸನೆಯ ನೆನಪು ಮಾಡಿಕೊಳ್ಳಬೇಕಂತೆ. ತಿಂಗಳುಗಟ್ಟಲೆ.

ಬಸ್ಸಿನಲ್ಲಿ ಸುನಂದಾ ಕಿಟಕಿಯ ಕಡೆ ಕೂತಿದ್ದಳು. ನಾನು ಯೋಚಿಸಿದ್ದು ಒಂದೇ. ಶಂಕ್ರಪ್ಪನಿಗೂ ಅದೇ ವಾರ ಜ್ವರ ಬಂದಿತ್ತು. ಅವನದು ಹಾಗೇ ಉಳಿಯಿತು.

ಯಾರಿಗೂ ಹೇಳಬೇಡ ಎಂದು ಸುನಂದಾಳಿಂದ ಮಾತು ತೆಗೆದುಕೊಂಡಿದ್ದೇನೆ.

ಅಕ್ಟೋಬರ್ 6, ರವಿವಾರ

ನಾಗಲಿಂಗಪ್ಪನ ಫೋನು. ಸಹನಾ ಇಪ್ಪತ್ತು ದಿನದಿಂದ ಒಂದು ಟ್ಯಾಂಕೂ ತುಂಬಿಸಿಲ್ಲ. ನಂಬುವ ಮೂಗು ಸಿಗದೆ ಮತ್ತೆ ಬಿಯರ್ ಮಾಡುವ ಧೈರ್ಯ ಇಲ್ಲ ಅನ್ನುತ್ತಾಳಂತೆ. ಬೆಂಗಳೂರಿನ ಹಳೆಯ ಬ್ರೂವರಿಗೇ ವಾಪಸು ಹೋಗುವ ಮಾತಾಡುತ್ತಿದ್ದಾಳೆ.

ಇನ್ನೊಂದು ಸುದ್ದಿ. ಹೊಸ ಗುತ್ತಿಗೆದಾರ ಮಾಡಿದ ಪಟ್ಟಿಯಲ್ಲಿ ಶಂಕ್ರಪ್ಪನ ಹೆಸರಿಲ್ಲ. ಅವನು ಹೆಂಡತಿಯ ತವರಿಗೆ, ಮುಂಡಗೋಡ ತಾಲೂಕಿನ ಇಂದೂರಕ್ಕೆ ಹೋಗಿ, ಅವಳ ಅಣ್ಣನ ಹೊಲದಲ್ಲಿ ಕೆಲಸ ಮಾಡುತ್ತಾನಂತೆ. ಈ ವಾರವೇ ಹೊರಡುವುದು.

ಫೋನು ಇಟ್ಟ ಮೇಲೆ ನನಗೆ ಒಂದು ಕ್ಷಣ ಸಮಾಧಾನವಾಯಿತು. ಇಂದೂರದ ಹೊಲದಲ್ಲಿ ಆ ಮೂಗಿಗೆ ಏನು ಕೆಲಸ. ಯಾರಿಗೂ ಅದರ ಸುದ್ದಿ ತಿಳಿಯುವುದಿಲ್ಲ. ನನಗಿಲ್ಲದ್ದು ಇನ್ನು ಈ ಊರಿನಲ್ಲಿ ಯಾರಿಗೂ ಇರುವುದಿಲ್ಲ.

ಈ ಸಾಲುಗಳನ್ನು ಬರೆದು ಮತ್ತೆ ಓದಿದೆ. ಹೊಡೆದುಹಾಕಬೇಕು ಅನಿಸಿತು. ಹಾಕಿಲ್ಲ.

ಅಕ್ಟೋಬರ್ 9, ಬುಧವಾರ

ಪಾಳಿ ಮುಗಿದ ಮೇಲೆ ಸ್ಕೂಟರು ಮನೆಗೆ ಬರಲಿಲ್ಲ, ಶಂಕ್ರಪ್ಪನ ಓಣಿಗೆ ಹೋಯಿತು. ಒಂದೇ ಕೋಣೆ. ಸಿದ್ದಕ್ಕ ಹಾಸಿಗೆ ಸುತ್ತಿ ಹಗ್ಗ ಬಿಗಿಯುತ್ತಿದ್ದಳು. ಅವನು ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದ. ಬಂದದ್ದಕ್ಕೆ ಖುಷಿಪಟ್ಟು, ಕೂಡಲು ಜಾಗವಿಲ್ಲ ಎಂದು ನಾಚಿಕೊಂಡ.

ನಿಂತೇ ಹೇಳಿದೆ. ಚೀಲ ನೋಡಿದ್ದ ಎಂದು ಸಹನಾಳಿಗೆ ಹೇಳಿದ್ದು ನಾನೇ. ನಾನು ಏನೂ ಕಂಡಿರಲಿಲ್ಲ. ಹೊಟ್ಟೆಕಿಚ್ಚಿಗೆ ಹೇಳಿದೆ. ಆಮೇಲೆ ಮೂಗಿನ ವಿಷಯವನ್ನೂ ಹೇಳಿದೆ. ಎರಡು ನಿಮಿಷದಲ್ಲಿ ಮುಗಿದುಹೋಯಿತು.

ಶಂಕ್ರಪ್ಪ ಕೈಯಲ್ಲಿನ ತಾಟನ್ನು ಚೀಲದ ಮೇಲೆ ಇಟ್ಟ. ಆಮೇಲೆ, "ನಾ ಚೀಲ ನೋಡಿರಲಿಲ್ರಿ ಸರ್" ಅಂದ.

"ಗೊತ್ತಪಾ."

"ಆ ಕೋಣಿ ಎಲ್ಲೈತಿ ಅಂತನೂ ನನಗ ಗೊತ್ತಿರಲಿಲ್ಲ."

ಮಾತಾಡಿದವಳು ಸಿದ್ದಕ್ಕ. "ಎರಡು ತಿಂಗಳು ಇವರು ನಿದ್ದಿ ಮಾಡಿಲ್ರಿ, ಸಾಹೇಬ್ರ. ನಾ ಏನ್ ತಪ್ಪು ಮಾಡೇನಿ, ಏನ್ ತಪ್ಪು ಮಾಡೇನಿ ಅಂತ. ನಿಮ್ಮ ಮನಿಗೆ ಬಂದು ಕೇಳಿದ್ರು. ನಾ ಕಟ್ಟಿದ ಉಂಡಿ ಇಸಕೊಂಡ್ರಿ, ಆದ್ರ ಹೇಳಲಿಲ್ಲ." ಹಗ್ಗ ಕೆಳಗೆ ಬಿಟ್ಟು ಹೊರಗೆ ಹೋದಳು. ಅವಳು ತಿರುಗಿ ಒಳಗೆ ಬರಲಿಲ್ಲ.

"ಈಗ ಏನೂ ವಾಸನಿ ಬರೂದಿಲ್ಲೇನ್ರಿ?" ಎಂದು ಶಂಕ್ರಪ್ಪ ಕೇಳಿದ. ಇಲ್ಲ ಅಂದೆ. "ಮಳಿ ಬಂದ್ರೂ?" ಇಲ್ಲ ಅಂದೆ. ಅವನ ಮುಖದಲ್ಲಿ ಕನಿಕರ ಕಂಡಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಶೆಡ್ಡಿಗೆ ಹೋದೆ. ಸಹನಾಳ ಮುಂದೆ ಅದನ್ನೇ ಮತ್ತೊಮ್ಮೆ ಹೇಳಿದೆ. ಅವಳು ಪೂರ್ತಿ ಕೇಳಿದಳು. ಒಳಗೆ ಹೋಗಿ ಮೂರು ಗ್ಲಾಸಿನಲ್ಲಿ ಬರೀ ನೀರು ತಂದು ಶಂಕ್ರಪ್ಪನ ಮುಂದೆ ಇಟ್ಟಳು. ಅವನು ಮೂಸಿ, ನಡುವಿನದು ನಲ್ಲಿ ನೀರು, ಉಳಿದೆರಡು ಫಿಲ್ಟರಿನವು ಅಂದ. ಅವಳು ಕಣ್ಣು ಒರೆಸಿಕೊಂಡಳು.

"ಶಂಕ್ರಪ್ಪಣ್ಣಾ, ಸೋಮವಾರದಿಂದ ಬರ್ರಿ" ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ಸರ್, ನೀವು ಇನ್ನ ಬರೂದು ಬ್ಯಾಡ್ರಿ."

ಸರಿ ಅಂದೆ.

ಅಕ್ಟೋಬರ್ 22, ಮಂಗಳವಾರ

ಪೇಟೆಯಲ್ಲಿ ಶಂಕ್ರಪ್ಪನನ್ನು ದೂರದಿಂದ ನೋಡಿದೆ. ಹೊಸ ಅಂಗಿ, ಜೇಬಿಗೆ ಪೆನ್ನು. ಅವನಿಗೆ ಪೆನ್ನು ಯಾಕೆ. ನಾಲ್ಕನೆಯ ಇಯತ್ತೆ ಕಲಿತವನು. ಸತ್ಯ ಹೇಳಿದರೆ ಮನಸ್ಸು ತಿಳಿಯಾಗುತ್ತದೆ ಅನ್ನುವವರು ಒಮ್ಮೆ ನನ್ನ ಹತ್ತಿರ ಬಂದು ಮಾತಾಡಲಿ. ಅವನನ್ನು ನೋಡಿದರೆ ಹೊಟ್ಟೆಯಲ್ಲಿ ಮೊದಲಿನಂತೆಯೇ ಉರಿಯುತ್ತದೆ.

ವೈದ್ಯರು ಹೇಳಿದ ನಾಲ್ಕು ಬಾಟಲಿಗಳನ್ನು ಅಟ್ಟದ ಮೇಲೆ ಇಟ್ಟಿದ್ದೇನೆ. ಏನೂ ಬಾರದ ಬಾಟಲಿಯನ್ನು ಮೂಸುತ್ತ ಕೂರಲು ನಾನೇನು ಹುಚ್ಚನೇ.

ನವೆಂಬರ್ 4, ಸೋಮವಾರ

ಬೆಳಿಗ್ಗೆ ಏಳಕ್ಕೆ ಬಾಗಿಲು ತಟ್ಟಿದ ಸದ್ದು. ಶಂಕ್ರಪ್ಪ. ಕೈಯಲ್ಲಿ ಒಂದು ಪಾಟಿಚೀಲ. ಒಳಗೆ ಬಂದು ಮೇಜಿನ ಮೇಲೆ ಲವಂಗ, ನಿಂಬೆ ಸಿಪ್ಪೆ, ನೀಲಗಿರಿ ಎಣ್ಣೆ, ಗುಲಾಬಿ ಸಾಲಾಗಿ ಇಟ್ಟ.

"ವೈನಿ ಸಂತ್ಯಾಗ ಸಿಕ್ಕಿದ್ರು. ನೀವು ಮಾಡವಲ್ರಂತ ಹೇಳಿದ್ರು" ಅಂದ. ಸುನಂದಾ ಒಳಗಿನಿಂದ ಹೊರಗೆ ಬರಲಿಲ್ಲ.

"ಇದೆಲ್ಲ ಯಾಕಪಾ ನಿನಗ?" ಅಂದೆ.

"ನನಗೂ ಒಂದ್ ಕೆಲಸ ಐತ್ರಿ ನಿಮ್ಮಿಂದ." ಚೀಲದಿಂದ ಒಂದು ವಹಿ ತೆಗೆದ. ಪ್ರತಿ ಟ್ಯಾಂಕಿಗೂ ಅವನು ವರದಿ ಬರೆಯಬೇಕು. ಮೂರು ವಾರದಲ್ಲಿ ಅವನು ಬರೆದದ್ದು ಒಂದೂವರೆ ಸಾಲು, ಅದೂ ಹೊಡೆದುಹಾಕಿದ್ದು. "ಮೂಗಿಗೆ ಬರತೈತಿ, ಬಾಯಿಗೂ ಬರತೈತಿ. ಕೈಗೆ ಬರೂದಿಲ್ರಿ. ಮೇಡಂಗ ಹೇಳಾಕ ನಾಚಿಕಿ. ನಾ ಹೇಳ್ತೇನಿ, ನೀವು ಬರೀರಿ. ನೀವು ಮೂಸ್ರಿ, ನಾ ಕುಂತು ನೋಡ್ತೇನಿ."

"ಸಿದ್ದಕ್ಕಗ ಗೊತ್ತೈತಿ?"

"ಅಕಿ ನಿಮ್ಮ ಹೆಸರು ತಗದ್ರ ಒಲಿ ಮುಂದಿಂದ ಎದ್ದು ಹೋಗ್ತಾಳ್ರಿ. ಹೇಳಿಲ್ಲ."

ನಾಲ್ಕೂ ಮೂಸಿದೆ. ಏನೂ ಇಲ್ಲ. ಅವನ ವಹಿಯಲ್ಲಿ ಅರ್ಧ ಪುಟ ಬರೆದುಕೊಟ್ಟೆ. ಬರೀ ಉಪಕಾರಕ್ಕೆ.

ನವೆಂಬರ್ 16, ಶನಿವಾರ

ದಿನಾ ಏಳಕ್ಕೆ ಬರುತ್ತಾನೆ. ಚಹಾಕ್ಕೆ ಎರಡು ಚಮಚ ಸಕ್ಕರೆ ಬೇಕು ಅವನಿಗೆ, ಸುನಂದಾ ಒಂದೇ ಹಾಕುತ್ತಾಳೆ. ನಾನೇ ಡಬ್ಬಿ ತಂದು ಅವನ ಮುಂದೆ ಇಟ್ಟೆ. ಗೋಧಿ ಬಿಯರಿನ ವರದಿ ಬರೆಯುವಾಗ ವಾದವಾಯಿತು. 'ಬಾಳೆಹಣ್ಣು' ಎಂದು ಬರೆದೆ. ಅವನು ತಡೆದ. ಪೇಟೆಯ ಬಾಳೆಯಲ್ಲ, ಗೊನೆಯಲ್ಲೇ ಹಣ್ಣಾಗಿ ಇರುವೆ ಹತ್ತಿದ ಬಾಳೆ ಎಂದು ಬರೆಯಬೇಕಂತೆ. ಬರೆದೆ. ಸರಿಯಾಗಿಯೇ ಇತ್ತು.

ಹೊಟ್ಟೆಕಿಚ್ಚು ಹೋಗಿಲ್ಲ. ಇವತ್ತು ಏಳೂ ಕಾಲಾದರೂ ಬರಲಿಲ್ಲ. ಎರಡು ಸಲ ಗೇಟಿನ ತನಕ ಹೋಗಿ ಬಂದೆ. ಸೈಕಲ್ ಪಂಕ್ಚರ್ ಆಗಿತ್ತಂತೆ.

ನವೆಂಬರ್ 28, ಗುರುವಾರ

ಶಂಕ್ರಪ್ಪ ಮಾದರಿಯ ಸಣ್ಣ ಬಾಟಲಿಯೊಂದನ್ನು ತಂದು ಮೇಜಿನ ಮೇಲೆ ಇಟ್ಟ, ಆಮೇಲೆ ಚೀಲದಿಂದ ಇನ್ನೊಂದು. "ಇದು ನಿಮಗಂತ್ರಿ. ಮೇಡಂ ಕೊಟ್ಟು ಕಳಿಸ್ಯಾರ. ಅಕ್ಷರ ಯಾರದಂತ ಮೊದಲನೇ ದಿನಾನ ಗುರುತಿಸಿದ್ರಂತ."

"ಏನಂದ್ಲು?"

"ಏನೂ ಅನಲಿಲ್ರಿ. ಎರಡು ಬಾಟ್ಲಿ ತುಂಬಿದ್ರು, ಅಷ್ಟ."

ಡಿಸೆಂಬರ್ 8, ರವಿವಾರ

ನಾಲ್ಕು ತಿಂಗಳ ಮೇಲೆ ಮತ್ತೆ ಬೈಠಕ್, ಗಣೇಶಗುಡಿಯಲ್ಲಿ. ಹೋಗುವುದಿಲ್ಲ ಅಂದಿದ್ದೆ. ಶಂಕ್ರಪ್ಪ ಬೆಳಿಗ್ಗೆ ಬಂದು ಸ್ಕೂಟರಿನ ಹಿಂದೆ ಕೂತುಬಿಟ್ಟ, ಇಳಿಯಲೇ ಇಲ್ಲ. ಮಹಾಬಳೇಶ್ವರ ಏನೂ ಆಗದವನ ಹಾಗೆ ಕುರ್ಚಿ ಎಳೆದುಕೊಟ್ಟ. ಸಹನಾ ಬಂದಿದ್ದಳು, ನಮಸ್ಕಾರ ಸರ್ ಅಂದಳು, ಅಷ್ಟೇ. ಅದು ಸಾಕು.

ಸಹನಾಳ ಹೊಸ ಕಪ್ಪು ಬಿಯರು. ಮುಂದಿನ ವಾರ ಹೊರಗೆ ಬಿಡುವುದು, ಶಂಕ್ರಪ್ಪ ಹೂಂ ಅಂದರೆ. ಎಲ್ಲರೂ ಚೀಟಿ ತೆಗೆದುಕೊಂಡರು. ನಾಗಲಿಂಗಪ್ಪ ನನಗೂ ಒಂದು ಕೊಡಲು ಬಂದು, ಅರ್ಧಕ್ಕೆ ಕೈ ತಡೆದ. ನಾನೇ ಅವನ ಕೈಯಿಂದ ತೆಗೆದುಕೊಂಡೆ, ಮೇಲೆ ಶಂಕ್ರಪ್ಪನ ಹೆಸರು ಬರೆದು ಅವನ ಪಕ್ಕಕ್ಕೆ ಕುರ್ಚಿ ಸರಿಸಿದೆ.

ನನ್ನ ಗ್ಲಾಸನ್ನೂ ತುಂಬಿದ್ದರು. ಕುಡಿದೆ. ತಂಪು, ಕಹಿ, ನೊರೆ. ಅದರ ಆಚೆ ಗೋಡೆ.

"ಹೇಳು" ಅಂದೆ.

ಅವನು ಕಣ್ಣು ಮುಚ್ಚಿದ. "ಮೊದಲ ಕಾಫಿ ಐತ್ರಿ, ಆದ್ರ ಅದು ಬರೇ ಬಾಗಲಾಗ ನಿಂತೈತಿ. ಒಳಗ ಹೋದ್ರ ಬೆಲ್ಲ. ಗಾಣದಾಗ ಕುದ್ದು ಕುದ್ದು ಕೊಪ್ಪರಿಗಿ ತಳಕ್ಕ ಹತ್ತೂ ಬೆಲ್ಲ." ನಾನು ಬರೆದೆ. "ಅದರ ಹಿಂದ ಬಾಯ್ಲರ್ ಆರಿಸಿದ ಮರುದಿನ ಬಾಗಲಾ ತಗದ್ರ ಬರತೈತಲ್ರಿ, ಬೆಚ್ಚಗಿನ ಬೂದಿ. ಒಣಗಿದ ಬೂದಿ, ಗಂಟಲಿಗೆ ಹತ್ತೂದಲ್ಲ." ಬರೆದೆ. "ದವಾಖಾನಿ ಇಲ್ರಿ. ಎಷ್ಟ ಹುಡುಕಿದ್ರೂ ಇಲ್ಲ."

ಸಹನಾ ಉಸಿರು ಬಿಟ್ಟದ್ದು ಮೇಜಿನ ಈ ಕಡೆಗೂ ಕೇಳಿಸಿತು.

ಮತ್ತೊಂದು ಗುಟುಕು ಬಾಯಲ್ಲಿ ಇಟ್ಟುಕೊಂಡೆ. ಬೆಲ್ಲ ಬಂತು ಎಂದು ಬರೆದರೆ ಸುಳ್ಳಾಗುತ್ತದೆ, ಬರಲಿಲ್ಲ. ಆದರೆ ಕೊಪ್ಪರಿಗೆ ಎಲ್ಲಿತ್ತು, ಯಾವ ಕಡೆಯಿಂದ ಬೂದಿ ಬರಬೇಕು ಎಂದು ಈಗ ಗೊತ್ತಿತ್ತು. ಗುಟುಕನ್ನು ಬೇಗ ನುಂಗಲಿಲ್ಲ.

"ಇಷ್ಟ ಏನು?" ಅಂದೆ. "ಇನ್ನೂ ಏನೋ ಇರಬೇಕು, ನೋಡು."

"ತಡೀರಿ ಸರ್" ಅಂದು ಶಂಕ್ರಪ್ಪ ಗ್ಲಾಸನ್ನು ಮತ್ತೆ ಮೂಗಿಗೆ ಹಿಡಿದ. ಉಳಿದವರು ಮಾತಿಗೆ ಶುರುಮಾಡಿದ್ದರು. ಸುಮ್ಮನಿರಿ ಎಂದು ಅವರಿಗೆ ಕೈ ಮಾಡಿ, ಪೆನ್ನು ಹಿಡಿದು ಅವನ ಮುಖ ನೋಡುತ್ತ ಕೂತೆ.